ಕೈಹೊಲಿಗೆಯ ಪುಸ್ತಕ: ಮನೆಯ ರದ್ದಿಯಿಂದ ಪುಸ್ತಕರಚನೆ

ಬಳಸಿ ಉಳಿದ ಕಾಗದ, ರಟ್ಟು, ಅರಿವೆ, ನೂಲು ಮೊದಲಾದ ಮನೆಯ ಶೇಷವಸ್ತುಗಳನ್ನು ಆಯ್ದು, ಮಡಿಸಿ, ಯಂತ್ರದ ಸಹಾಯವಿಲ್ಲದೆ ಸೂಜಿಯೊಂದರಿಂದಲೇ ಹೊಲಿದು, ಮೇಲೊಂದು ಹೊದಿಕೆ ತೊಡಿಸಿ ಸಿದ್ಧಪಡಿಸುವ ಪುಸ್ತಕ. ಅಂಗಡಿಯಲ್ಲಿ ದೊರೆಯುವ ಅಂಟುಬೆನ್ನಿನ ಪುಸ್ತಕದಿಂದಲೂ ತಂತಿಯ ಪಿನ್ನು ಹೊಡೆದ ಶಾಲಾ ನೋಟ್‌ಬುಕ್ಕಿನಿಂದಲೂ ಇದನ್ನು ಬೇರ್ಪಡಿಸುವ ಮುಖ್ಯ ಲಕ್ಷಣವೆಂದರೆ, ಇದರ ಹಾಳೆಗಳನ್ನು ಹಿಡಿದಿಡುವ ಬಲವೆಲ್ಲ ನೂಲಿನಲ್ಲಿದ್ದು, ಅಂಟನ್ನು ಬಳಸಿದರೂ ಅದು ಹೊದಿಕೆಯ ಮಟ್ಟಿಗೆ ಮಾತ್ರ ಸಂಬಂಧಿಸಿರುವುದು. ಹಳೆಯ ಸಾಮಗ್ರಿಯಿಂದ ಅಗ್ಗವಾಗಿ ಆಗುತ್ತದೆಂದು ಈ ಪುಸ್ತಕವನ್ನು ಹೊಗಳುವುದು ವಾಡಿಕೆ. ಆದರೆ ಅಗ್ಗದ ನೋಟ್‌ಬುಕ್ಕು ಪೇಟೆಯಲ್ಲಿಯೂ ಸಿಗುತ್ತದಾದ್ದರಿಂದ ಆ ಹೊಗಳಿಕೆಗೆ ಹೆಚ್ಚಿನ ಬೆಲೆಯಿಲ್ಲ. ಹೊಲಿದುದನ್ನು ಬಿಚ್ಚಲು ಬರುತ್ತದೆ, ಬಿಚ್ಚಿದುದನ್ನು ಮತ್ತೆ ಹೊಲಿಯಲು ಬರುತ್ತದೆ ಎಂಬುದೇ ಇದರ ನಿಜವಾದ ವಿಶೇಷ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಈ ಕಲೆಯ ಸಾಮಗ್ರಿ, ಪರಂಪರೆ ಮತ್ತು ಕ್ರಮಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಈ ನಾಲ್ಕು ಊರುಗಳು ಘಟ್ಟದ ಮೇಲಿನ ನೆಲದಲ್ಲಿ, ಕಾಳೀ ನದಿಯ ಕಣಿವೆಯಿಂದ ಧಾರವಾಡ ಸೀಮೆಯ ಅಂಚಿನವರೆಗೆ ಹರಡಿರುವುವು. ಈಚಿನವರೆಗೂ ಹಳಿಯಾಳ ತಾಲೂಕಿನೊಳಗೇ ಇದ್ದ ದಾಂಡೇಲಿ ಕಾಗದದ ಕಾರ್ಖಾನೆಯ ಊರು. ಹಳಿಯಾಳ ಅಕ್ಕಿ, ಕಬ್ಬು ಮತ್ತು ಅರಣ್ಯವಸ್ತುಗಳ ಪೇಟೆ. ಹಿಂದೆ ಸೂಪಾ ಎಂಬ ಹೆಸರಿನ ತಾಲೂಕಾಗಿದ್ದು, ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತನ್ನ ಹೆಸರನ್ನೇ ತಾಲೂಕಿಗೆ ಕೊಟ್ಟ ಜೋಯಿಡಾ ದಟ್ಟ ಕಾಡಿನ ಪ್ರದೇಶ. ಮುಂಡಗೋಡವಾದರೋ ಮಲೆನಾಡು ಬಯಲುಸೀಮೆಗೆ ಇಳಿಯುವ ಎಡೆಯಲ್ಲಿರುವ ಬೀಡು. ಪುಸ್ತಕವೆಂಬ ವಸ್ತುವನ್ನು ಕುರಿತು ವಿಚಾರಿಸುವವನಿಗೆ ಇಷ್ಟು ಕಿರಿದಾದ ನೆಲದಲ್ಲಿ ಇಷ್ಟೊಂದು ಸಂಗತಿಗಳು ಕೂಡಿಬಂದಿರುವ ಬೇರೆ ಎಡೆ ನಾಡಿನಲ್ಲಿ ಸಿಗುವುದು ಕಷ್ಟ: ಒಂದೆಡೆ ಕಾಗದ ಹುಟ್ಟುತ್ತದೆ, ಇನ್ನೊಂದೆಡೆ ಹರಿದ ಬಟ್ಟೆಗೆ ಹೊಲಿಗೆಯಿಂದಲೇ ಮರುಜನ್ಮ ಕೊಡುವ ಕೌದಿಯ ಕಲೆಯಿದೆ, ಮತ್ತೊಂದೆಡೆ ಹೊಲಿಗೆಯನ್ನೇ ಕಾಣದ ಬಿಡಿಹಾಳೆಯ ಗ್ರಂಥಗಳು ನಿತ್ಯಪಾರಾಯಣದಲ್ಲಿವೆ.

ಮಡಿಸಿದ ಹಾಳೆಗಳ ನಡುಗೆರೆಯಲ್ಲಿ ನೂಲು ಹಾಯಿಸಿ ಪುಸ್ತಕ ಕಟ್ಟುವ ವಿಧಾನ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ, ವಿಶೇಷವಾಗಿ ಈಜಿಪ್ಟಿನಲ್ಲಿ ಬೆಳೆಯಿತು. 1945ರಲ್ಲಿ ಆ ದೇಶದ ನಾಗ್ ಹಮ್ಮಾದಿ ಎಂಬಲ್ಲಿ ಹೂಳಿದ ಜಾಡಿಯೊಂದರಲ್ಲಿ ದೊರೆತ, ತೊಗಲಿನ ಹೊದಿಕೆಯ ಹದಿಮೂರು ಪುಸ್ತಕಗಳು ಈ ವಿಷಯದಲ್ಲಿ ಬಹಳ ಬೋಧಪ್ರದವಾದುವು. ಅವುಗಳಲ್ಲಿ ಬಹುತೇಕ ಪುಸ್ತಕಗಳು ಒಂದರೊಳಗೊಂದು ಸೇರಿಸಿದ ಹಾಳೆಗಳ ಒಂದೇ ಕಟ್ಟಾಗಿದ್ದು, ತೊಗಲು ಸೊಟ್ಟಗಾಗದೆ ಬಿಗಿಯಾಗಿ ನಿಲ್ಲಲೆಂದು ಅದರ ಒಳಮೈಗೆ ಬಳಸಿ ಬಿಸುಟ ಪಪೈರಸ್ಸಿನ ಚೂರುಗಳನ್ನು, ಅಂದರೆ ಹಳೆಯ ಪತ್ರ, ರಸೀತಿ, ಲೆಕ್ಕದ ತುಂಡುಗಳನ್ನು, ಪದರ ಪದರವಾಗಿ ಅಂಟಿಸಲಾಗಿತ್ತು. ಆ ರದ್ದಿಯ ಮೇಲಿದ್ದ ತಾರೀಖುಗಳಿಂದಲೇ ಪಂಡಿತರು ಪುಸ್ತಕಗಳ ಕಾಲವನ್ನು ನಾಲ್ಕನೆಯ ಶತಮಾನವೆಂದು ನಿಶ್ಚಯಿಸಲು ಸಾಧ್ಯವಾಯಿತು. ರದ್ದಿಯನ್ನು ರಟ್ಟು ಮಾಡಿಕೊಳ್ಳುವ ಜಾಣ್ಮೆ, ಹಾಗಾದರೆ, ಹೊಲಿದ ಪುಸ್ತಕದಷ್ಟೇ ಹಳೆಯದು. ಐರೋಪ್ಯ ಕಟ್ಟುಗಾರರೂ ಮುದ್ರಣ ಬಂದ ಮೇಲೆ ಬೇಡವಾದ ಚರ್ಮಪತ್ರದ ಹಸ್ತಪ್ರತಿಗಳನ್ನು ಕತ್ತರಿಸಿ ಹೊಸ ಪುಸ್ತಕಗಳ ಬೆನ್ನಿಗೆ ಒತ್ತುಕೊಟ್ಟರು. ಎಷ್ಟೋ ಲುಪ್ತಗ್ರಂಥಗಳ ಎಲೆಗಳು ಇಂದು ನಮಗೆ ದೊರೆಯುತ್ತಿರುವುದು ಅಂಥ ಬೆನ್ನುಗಳೊಳಗಿಂದ.

ಕನ್ನಡನಾಡಿನ ಪ್ರಾಚೀನ ಗ್ರಂಥರೂಪವಾದ ಓಲೆಗರಿಯಲ್ಲಿ ಹೊಲಿಗೆಯೆಂಬುದಿಲ್ಲ. ಗರಿಗಳಲ್ಲಿ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು ಬಿಗಿದುದೇ ಕಟ್ಟು. ದಾರ ಬಿಚ್ಚಿದರೆ ಗರಿಗಳು ಬೇರೆಯಾಗುವುವು; ಮುರಿದ ಗರಿಯೊಂದನ್ನು ತೆಗೆದು ಹೊಸದಾಗಿ ಬರೆದ ಗರಿಯನ್ನು ಆ ಎಡೆಯಲ್ಲಿಯೇ ಸೇರಿಸಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ಷೋಭೆಯ ತರುವಾಯ ಚನ್ನಬಸವಣ್ಣನೇ ಮೊದಲಾದ ಶರಣರು ವಚನಗಳ ಇಂಥ ಕಟ್ಟುಗಳನ್ನು ಹೊತ್ತು ಕಾಡಿನ ದಾರಿಯಿಂದ ಉಳವಿಗೆ ಬಂದರೆಂಬುದು ವೀರಶೈವ ಪರಂಪರೆಯ ನಂಬುಗೆ. ಆ ಉಳವಿ ಈಗಿನ ಜೋಯಿಡಾ ತಾಲೂಕಿನಲ್ಲಿದೆ. ಸೈನ್ಯ ಬೆನ್ನಟ್ಟಿ ಬರುತ್ತಿರಲು ಮಳೆಕಾಡಿನಲ್ಲಿ ಸಾಗಿಸಬೇಕಾದ ಗ್ರಂಥ ಹೇಗಿರಬೇಕೆಂದು ಯೋಚಿಸಿದರೆ, ನೀರಿಗೆ ಸುಲಭವಾಗಿ ಕರಗದ ಓಲೆಯೂ ದಾರದ ಕಟ್ಟೂ ಯಥೋಚಿತವಾಗಿಯೇ ಇದ್ದುವೆನ್ನಬೇಕು.

ಓಲೆಗಿಂತಲೂ ಪ್ರಕೃತ ವಿಷಯಕ್ಕೆ ಸಮೀಪವಾದುದು ಕಡತ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಕತ್ತರಿಸದೆಯೇ ಸಮನಾದ ಪುಟಗಳಾಗಿ ಹಿಂದುಮುಂದಾಗಿ ಮಡಿಸಿದರೆ ಕಡತವಾಗುತ್ತಿತ್ತು. ಕಪ್ಪು ಮೈಯ ಮೇಲೆ ಬಳಪದಿಂದ ಬರೆದ ಬಿಳಿಯ ಅಕ್ಷರಗಳು ಎದ್ದು ಕಾಣುತ್ತಿದ್ದುವು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವರ್ಣಿಸಿ, ಬಟ್ಟೆಯ ಅಗಲ ಎಂಟಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ ಇರುತ್ತದೆಂದೂ, ಎರಡು ತುದಿಗಳಿಗೆ ಬಣ್ಣದ ಮರದ ಹಲಗೆಗಳನ್ನು ಹಚ್ಚುತ್ತಾರೆಂದೂ ಹೇಳಿರುವನು. ಅಂಗಡಿಯ ಲೆಕ್ಕಕ್ಕೂ ಸರಕಾರಿ ದಾಖಲೆಗೂ ಕಡತವೇ ಆಧಾರವಾಗಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದುವು. ಇದರ ಬರೆಹವನ್ನು ಅಳಿಸಿ, ಮಾಸಿದ ಮೈಗೆ ಮತ್ತೆ ಲೇಪ ಕೊಟ್ಟು, ಅದೇ ಬಟ್ಟೆಯನ್ನು ಪುನಃ ಪುನಃ ಬಳಸಬಹುದಾಗಿತ್ತು. ಇಂದು ಮರುಬಳಕೆಯೆಂದು ಹೊಸದಾಗಿ ಬೋಧಿಸುವ ಸಂಗತಿ ಅಂದಿನ ಶಾನುಭೋಗನಿಗೆ ನಿತ್ಯದ ವ್ಯವಹಾರ.

ಕಾಗದ ಬಳಕೆಗೆ ಬಂದ ಮೇಲೆ ಹೊಲಿಗೆಯ ಪುಸ್ತಕವನ್ನು ಈ ಸೀಮೆಯ ಪೇಟೆಗಳಿಗೆ ಪರಿಚಯಿಸಿದುದು ಮುಖ್ಯವಾಗಿ ವ್ಯಾಪಾರಿಯ ಕೀರ್ದಿ ಖಾತೆಗಳೆಂದು ಹೇಳಬಹುದು. ಕೆಂಪು ಅರಿವೆಯ ಮೆತ್ತನೆಯ ಹೊದಿಕೆ, ಅದರ ಮೇಲೆ ಬಿಳಿಯ ನೂಲಿನ ಸಾಲುಹೊಲಿಗೆ, ಮಡಿಕೆಯ ಗೆರೆಯಲ್ಲಿ ದಪ್ಪ ದಾರದ ಉದ್ದುದ್ದ ಹೊಲಿಗೆ, ಸುತ್ತಿ ಬಿಗಿಯಲು ಒಂದು ಲಾಡಿ: ದೀಪಾವಳಿಯ ಲಕ್ಷ್ಮೀಪೂಜೆಯಂದು ಕುಂಕುಮವೇರಿಸಿಕೊಂಡು ಕೂಡುವ ಈ ಪುಸ್ತಕವನ್ನು ಕಂಡವರಿಗೆ ಅದರ ಹೊದಿಕೆ ಚಿಕ್ಕದೊಂದು ಕೌದಿಯೇ ಎಂಬುದು ಹೊಳೆಯದೆ ಇರದು. ಕಂಪ್ಯೂಟರು ಲೆಕ್ಕವನ್ನು ವಹಿಸಿಕೊಂಡ ಮೇಲೂ ಪೂಜೆಗೆ ಮಾತ್ರ ಇಂಥದೊಂದು ಪುಸ್ತಕವನ್ನು ಕೊಂಡುತರುವ ಅಂಗಡಿಗಳು ಇನ್ನೂ ಉಂಟು.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪಿತವಾಗಿ, 1959ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕಾಳೀ ನದಿಯ ನೀರು, ಸುತ್ತಲಿನ ಕಾಡಿನ ಬಿದಿರು, ಇವೆರಡೇ ಅದನ್ನು ಈ ಎಡೆಗೆ ಎಳೆದುತಂದ ಕಾರಣಗಳು. ಬಿದಿರಿನ ನಾರು ಸಾಮಾನ್ಯ ಗಟ್ಟಿಮರದ ನಾರಿಗಿಂತ ಉದ್ದವಾದುದರಿಂದ ಅದರ ಕಾಗದ ಮಡಿಕೆಯಲ್ಲಿ ಬೇಗ ಮುರಿಯದು. ಹೊಲಿಗೆಗೆ ಇದು ಬಹು ಉಪಕಾರಿಯಾದ ಗುಣ. ಆದರೆ ಬಿದಿರು ಅಕ್ಷಯವಾಗಿ ಉಳಿಯಲಿಲ್ಲ. ಈ ಜಿಲ್ಲೆಯ ಬಿದಿರಿನ ಕ್ಷಯವನ್ನು ಅಭ್ಯಸಿಸಿದ ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು, ಕಡಿಯುವ ಅನುಕೂಲಕ್ಕೆಂದು ಮೆಳೆಯ ಬುಡದ ಮುಳ್ಳನ್ನು ಸವರಿದುದರಿಂದ ಎಳೆಯ ಕಳಲೆಯೆಲ್ಲ ದನ, ಹಂದಿ, ಮುಳ್ಳುಹಂದಿಗಳ ಪಾಲಾಗುತ್ತಿತ್ತೆಂದೂ, ಹಳ್ಳಿಗರು ಮಾತ್ರ ಆ ಮುಳ್ಳನ್ನು ಬೇಕೆಂದೇ ಉಳಿಸುತ್ತಿದ್ದರೆಂದೂ ತೋರಿಸಿಕೊಟ್ಟರು. ಕಾಲಕ್ರಮದಲ್ಲಿ ಕಾರ್ಖಾನೆ ನೀಲಗಿರಿ, ಸುಬಾಬುಲ್, ಗಾಳಿಮರಗಳ ತಿರುಳಿನತ್ತ ತಿರುಗಿತು; ಈಗ ಅದರ ಸಾಮರ್ಥ್ಯ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಮಿಕ್ಕಿದೆ. ಇಲ್ಲಿ ಆಗುವಂಥ ಬರೆಯುವ ಕಾಗದದ ತಿರುಳನ್ನು ರಾಸಾಯನಿಕಗಳಿಂದ ಬೇಯಿಸಿ ಮರದ ಲಿಗ್ನಿನ್ ಅಂಶವನ್ನು ತೆಗೆದಿರುವುದರಿಂದ ಅದು ಹಲವು ವರ್ಷ ಬಿಳುಪಾಗಿಯೇ ಉಳಿಯುವುದು. ಮರವನ್ನು ಬರಿದೆ ಅರೆದು ಮಾಡಿದ ವೃತ್ತಪತ್ರಿಕೆಯ ಕಾಗದವಾದರೋ ಆ ಅಂಶ ಒಳಗೇ ಇರುವ ಕಾರಣ ಬಿಸಿಲು ತಗುಲಿದ ಕೆಲವು ದಿನಗಳಲ್ಲಿಯೇ ಹಳದಿಗಟ್ಟಿ ಸೆಟೆಯುತ್ತದೆ.

ಕಾಗದವನ್ನು ಅರೆದು ಮತ್ತೆ ಕಾಗದ ಮಾಡುವುದೂ, ಇದ್ದ ಹಾಳೆಯನ್ನೇ ಹೊಲಿದು ಬಳಸುವುದೂ ಬೇರೆ ಬೇರೆ ಸಂಗತಿಗಳು. ಅರೆದಾಗಲೆಲ್ಲ ನಾರು ತುಂಡಾಗಿ ಗಿಡ್ಡವಾಗುತ್ತ ಹೋಗುವುದರಿಂದ ಐದಾರು ಸಲ ಅರೆದ ಮೇಲೆ ಅದರಿಂದ ಗಟ್ಟಿಯಾದ ಹಾಳೆ ಏಳುವುದಿಲ್ಲ. ನೀರು, ಬೆಂಕಿ, ರಾಸಾಯನಿಕಗಳ ವ್ಯಯವಂತೂ ಪ್ರತಿಸಲವೂ ಇದ್ದೇ ಇದೆ. ರದ್ದಿ ಅಂಗಡಿಯ ತಕ್ಕಡಿಯಲ್ಲಿ ಒಂದೇ ತೂಕಕ್ಕೆ ಬೀಳುವ ಮಗುವಿನ ನೋಟ್‌ಬುಕ್ಕಿನ ಖಾಲಿ ಹಾಳೆಯನ್ನೂ ನಿನ್ನೆಯ ಪತ್ರಿಕೆಯನ್ನೂ ಮನೆಯಲ್ಲಿಯೇ ಬೇರ್ಪಡಿಸುವ ವಿವೇಕ ಇರತಕ್ಕುದು ಇದಕ್ಕಾಗಿಯೆ.

ಹೊಲಿಗೆಯ ವಿದ್ಯೆಯನ್ನು ಈ ಪ್ರದೇಶ ಎಲ್ಲಿಂದಲೂ ಕಡ ತರಬೇಕಾಗಿಲ್ಲ. ಹಳಿಯಾಳ, ಜೋಯಿಡಾ, ಮುಂಡಗೋಡ ಮತ್ತು ನೆರೆಯ ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿರುವ, ಆಫ್ರಿಕ ಮೂಲದ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳು ಈಗ ದೇಶಾಂತರದಲ್ಲಿಯೂ ಹೆಸರಾದುವು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನದಲ್ಲಿ ತೊಡಗಿ ಪ್ರದರ್ಶನಗಳನ್ನೂ ಏರ್ಪಡಿಸಿರುವರು. ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಸವೆದ ಅಂಗಿ, ಲಂಗ, ಲುಂಗಿಗಳ ತುಂಡುಗಳನ್ನಿಡುತ್ತ, ಮೂಲೆಯಿಂದ ತೊಡಗಿ ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಇವರ ಪದ್ಧತಿ. ಹೊಲಿಗೆ ಬರಿಯ ಸಾಲುಹೊಲಿಗೆ; ಆದರೆ ಎಡೆ ಬಿಡದೆ ಹತ್ತಿರ ಹತ್ತಿರವಾಗಿ ಹಾಯ್ದಿರುವ ಆ ಸಾಲುಗಳೇ ಹರಕುಗಳ ರಾಶಿಯನ್ನು ಒಂದು ದೇಹವನ್ನಾಗಿ ಮಾಡುತ್ತವೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಪದರವಾಗಿ ಮಡಿಸಿ ಮಾಡಿದ ಮುಮ್ಮೂಲೆಯ ಹೂವುಗಳನ್ನು ಹಚ್ಚದಿದ್ದರೆ ಕೌದಿ ಬೆತ್ತಲೆಯೆಂದು ಅವರ ಭಾವನೆ. ಕೌದಿಯ ಒಂದು ಭಾಗ ಹರಿದರೆ ಅಲ್ಲಿಗೆ ಮತ್ತೊಂದು ತುಂಡು ಬೀಳುವುದು; ಪುಸ್ತಕ ಕಟ್ಟುವವನು ಕಲಿಯಬೇಕಾದ ಮೊದಲ ಪಾಠ ಇದು.

ಎರಡನೆಯ ಪಾಠ ನೆರೆಯ ಧಾರವಾಡ ಸೀಮೆಯ ಕಸೂತಿಯಲ್ಲಿದೆ. ಅದರ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆ ತುಂಬುತ್ತ ಮುಂದೆ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡು ಮೈಯೂ ಒಂದೇ ಬಗೆಯಾಗಿ ಕಾಣುವುದು. ಪುಸ್ತಕದ ಮಡಿಕೆಯಲ್ಲಿ ಹೋಗಿಬರುವ ನೂಲು ಮಾಡುವುದು ಅಕ್ಷರಶಃ ಇದನ್ನೇ. ಗವಂತಿ ಬಲ್ಲ ಹೆಂಗಸಿಗೆ ಪುಸ್ತಕದ ಹೊಲಿಗೆಯನ್ನು ಮಾತಿನಲ್ಲಿ ವಿವರಿಸುವ ಅಗತ್ಯವೇ ಬೀಳದು, ಒಮ್ಮೆ ತೋರಿಸಿದರೆ ಸಾಕು.

ಇದಕ್ಕೆ ತೀರ ಭಿನ್ನವಾದ ಗ್ರಂಥಸಂಪ್ರದಾಯ ಮುಂಡಗೋಡದಲ್ಲಿದೆ. 1966ರಲ್ಲಿ ಇಲ್ಲಿ ನೆಲೆಗೊಂಡ ದೋಗುಲಿಂಗ್ ಟಿಬೆಟನ್ ಶಿಬಿರದಲ್ಲಿ ಲಾಸಾ ಪರಿಸರದ ಡ್ರೆಪುಂಗ್ ಮತ್ತು ಗಂಡೆನ್ ಮಹಾವಿಹಾರಗಳು ಪುನಃ ಸ್ಥಾಪಿತವಾದುವು. ಅಲ್ಲಿನ ಭಿಕ್ಷುಗಳು ಓದುವ ಪೇಚಾ ಎಂಬ ಗ್ರಂಥವು ಉದ್ದವಾಗಿ ಕಿರಿದಾಗಿರುವ ಬಿಡಿಹಾಳೆಗಳ ರಾಶಿ. ಮೇಲೂ ಕೆಳಗೂ ಹಲಗೆಯಿಟ್ಟು ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಅದರ ನೀಳವಾದ ಆಕಾರವೇ ಅದು ಭಾರತದ ಓಲೆಗರಿಯ ವಂಶಜವೆಂಬುದನ್ನು ಸಾರುತ್ತದೆ: ಗರಿ ಹೋಗಿ ಕಾಗದ ಬಂದಿತು, ಆಕಾರ ಮಾತ್ರ ಉಳಿಯಿತು. ಓದಿ ಮುಗಿಸಿದ ಹಾಳೆಯನ್ನು ಎತ್ತಿ ಬೋರಲಾಗಿಡುತ್ತ ಹೋಗುವ ಈ ಕ್ರಮದಲ್ಲಿ ಬೆನ್ನು ಮುರಿಯುವ ಪ್ರಶ್ನೆಯೇ ಹುಟ್ಟದು. ಜೀರ್ಣವಾದ ಅಕ್ಷರಪತ್ರವನ್ನು ತುಳಿಯುವೆಡೆ ಎಸೆಯಲು ಟಿಬೆಟಿನವರು ಒಪ್ಪುವುದಿಲ್ಲ. ಕಾಲು ತಗುಲಿದ ಕಾಗದವನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮ ಮನೆಗಳಿಗೂ ಆ ಸಂಕೋಚ ಹೊಸದಲ್ಲ. ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರುಗಳೂ ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳೂ ಗಂಟುಗಂಟಾಗಿ ಅಟ್ಟದ ಮೇಲೆ ಉಳಿದಿರುವುದರ ಗುಟ್ಟು ಅದೇ, ಮತ್ತು ಪುಸ್ತಕ ಕಟ್ಟುವವನಿಗೆ ಅದೊಂದು ಅನಾಯಾಸದ ನಿಧಿ.

ಸಾಮಗ್ರಿಯ ಆಯ್ಕೆಯಲ್ಲಿ ಕೆಲವು ವಿಧಿನಿಷೇಧಗಳುಂಟು. ಶಾಲೆಯ ವರ್ಷ ಮುಗಿದಾಗ ನೋಟ್‌ಬುಕ್ಕುಗಳಲ್ಲಿ ಉಳಿಯುವ ಖಾಲಿ ಹಾಳೆ ಸರ್ವೋತ್ತಮವಾದುದು. ಪಿನ್ನನ್ನು ಬಿಚ್ಚಿದರೆ ನಡುವೆ ಮಡಿಕೆಯಿರುವ ಜೋಡಿಹಾಳೆಗಳೇ ದೊರೆಯುವುದರಿಂದ ಹೊಲಿಗೆಗೆ ಸಿದ್ಧವಾಗಿಯೇ ಬಂದಿರುತ್ತವೆ. ಬಹಳ ಊರುಗಳಲ್ಲಿ ಜೂನ್ ತಿಂಗಳಿಗೆ ಮುನ್ನ ಮನೆಯ ಹಿರಿಯರು ಇಂಥ ಹಾಳೆಗಳನ್ನು ಕೂಡಿಸಿ ದಬ್ಬಣದಿಂದ ಹೊಲಿದು ಮಕ್ಕಳಿಗೆ ಕಚ್ಚಾ ಲೆಕ್ಕದ ಪುಸ್ತಕ ಮಾಡಿಕೊಡುತ್ತಿದ್ದುದು ಈಗಿನ ನಡುವಯಸ್ಕರ ನೆನಪಿನಲ್ಲಿಯೂ ಇದೆ. ಕಚೇರಿಯಿಂದ ಬರುವ, ಒಂದೇ ಬದಿ ಅಚ್ಚಾದ ಹಾಳೆಗಳೂ ಒಳ್ಳೆಯವೇ. ರಟ್ಟಿಗೆ ನೋಟ್‌ಬುಕ್ಕಿನ ಬೆನ್ನುರಟ್ಟು, ಅಂಗಿಯ ಪೆಟ್ಟಿಗೆ, ಸಾಬೂನು ಚಹಾಪುಡಿಗಳ ಡಬ್ಬ ಆಗುತ್ತದೆ. ತೆಳುವಾದುದಾದರೆ ಎರಡನ್ನು ಒಂದಕ್ಕೊಂದು ಅಂಟಿಸಬೇಕು. ಜೋಯಿಡಾದ ತೋಟಗಳ ಅಡಿಕೆ ಹಾಳೆಯನ್ನು ನೆನೆಸಿ, ಚಪ್ಪಟೆಯಾಗಿ ಒತ್ತಿ ಒಣಗಿಸಿ ಹೊದಿಕೆಯಾಗಿ ಬಳಸಬಹುದಾದರೂ, ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದನ್ನು ತಪ್ಪಿಸುವುದು ಕಷ್ಟ. ಪ್ಲಾಸ್ಟಿಕ್ ಮೆತ್ತಿದ ಲಗ್ನಪತ್ರಿಕೆಗೆ ಅಂಟು ಹಿಡಿಯದು, ಅಂಗಡಿಯ ಯಂತ್ರದಿಂದ ಹೊರಬರುವ ನುಣುಪಾದ ಬಿಲ್ಲುಗಳ ಲೇಪ ಬಿಸಿಗೆ ಕಪ್ಪಾಗುವುದು, ಅಕ್ಷರ ತಾನಾಗಿ ಮಾಸುವುದು, ಇವೆರಡೂ ವರ್ಜ್ಯ. ವೃತ್ತಪತ್ರಿಕೆಯನ್ನು ಪುಟವಾಗಿ ಬಳಸದೆ ಕೆಲಸದ ಹಾಸಾಗಿಯೂ ಹಸಿ ಹೊದಿಕೆಯ ತೇವ ಹೀರುವ ಒತ್ತಾಗಿಯೂ ಬಳಸುವುದು ಲೇಸು.

ನೂಲಿನ ವಿಷಯದಲ್ಲಿ ಹಳಿಯಾಳದ ಅಕ್ಕಿಯ ಚೀಲವೇ ದೊಡ್ಡ ದಾತ. ಚೀಲದ ಬಾಯಿಗೆ ಯಂತ್ರದಿಂದ ಹಾಕಿದ ಸರಪಣಿ ಹೊಲಿಗೆಯ ಸರಿಯಾದ ತುದಿಯನ್ನು ಹಿಡಿದು ಜಗ್ಗಿದರೆ ಇಡಿಯ ದಾರ ತುಂಡಾಗದೆ ಕೈಗೆ ಬರುವುದೆಂಬುದನ್ನು ಯಾವ ಗೃಹಿಣಿಯೂ ಬಲ್ಲಳು. ಆ ನೂಲು ದಪ್ಪವಾಗಿ, ಒರಟಾಗಿ, ಗಂಟನ್ನು ಚೆನ್ನಾಗಿ ಹಿಡಿಯುವಂತಿರುತ್ತದೆ. ಅಂಗಿ ಹೊಲಿಯುವ ತೆಳುವಾದ ಪಾಲಿಯೆಸ್ಟರ್ ದಾರ ಬಲವುಳ್ಳದ್ದಾದರೂ ಕಾಗದವನ್ನು ಗರಗಸದಂತೆ ಕೊಯ್ಯುವುದು. ಪುಸ್ತಕದ ನೂಲು ಕಾಗದಕ್ಕಿಂತ ಮೊದಲು ತಾನು ಸವೆಯುವಂಥದಾಗಿರಬೇಕು. ನೂಲಿಗೆ ಜೇನುಮೇಣ ಸವರಿದರೆ ಅದು ಸಿಕ್ಕುಗೊಳ್ಳುವುದಿಲ್ಲ, ರಂಧ್ರದಲ್ಲಿ ಜಾರಿ ಸಡಿಲವಾಗುವುದೂ ಇಲ್ಲ. ಮೇಣ ಸಿಗದಿದ್ದರೆ ಮೊಂಬತ್ತಿಯ ತುಂಡೇ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾಗಿದ್ದೂ ಸಾಮಾನ್ಯವಾಗಿ ಎಲ್ಲರೂ ಕಡೆಗಣಿಸುವ ಒಂದು ಸಂಗತಿ: ಕಾಗದದ ನಾರಿನ ದಿಕ್ಕು. ಯಂತ್ರದ ಮೇಲೆ ತಿರುಳು ಹರಿಯುವಾಗ ನಾರುಗಳು ಬಹುತೇಕ ಹರಿವಿನ ದಿಕ್ಕಿಗೇ ಮಲಗುವುವು. ತೇವ ತಗುಲಿದ ನಾರು ಉದ್ದದಲ್ಲಿ ಹಿಗ್ಗದೆ ದಪ್ಪದಲ್ಲಿ ಹಿಗ್ಗುತ್ತದೆಯಾದ್ದರಿಂದ ಹಾಳೆಯು ನಾರಿಗೆ ಅಡ್ಡಲಾಗಿ ಬೆಳೆಯುವುದು. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಈ ಹಿಗ್ಗು ಹೊರಅಂಚಿನತ್ತ ಸರಾಗವಾಗಿ ಹೋಗುತ್ತದೆ. ಅಡ್ಡವಾಗಿದ್ದರೆ ಬೆನ್ನಿನ ಹೊಲಿಗೆ ಅದನ್ನು ತಡೆಯುವ ಕಾರಣ ಪುಟಗಳು ಅಲೆಯಲೆಯಾಗಿ ಸೆಟೆದುಕೊಳ್ಳುವುವು. ಕ್ಯಾಸಲ್‌ರಾಕಿನಂಥ, ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಎಡೆಯನ್ನು ಒಳಗೊಂಡ ಜೋಯಿಡಾ ತಾಲೂಕಿನಲ್ಲಿ ಇದು ಬರಿಯ ಸೂಕ್ಷ್ಮದ ಮಾತಾಗಿ ಉಳಿಯದು. ದಿಕ್ಕನ್ನು ತಿಳಿಯಲು ಹಾಳೆಯನ್ನು ಹರಿದು ನೋಡಬೇಕು: ನಾರಿನ ಗುಂಟ ಹರಿದರೆ ಗೆರೆ ನೆಟ್ಟಗೆ ಹೋಗುವುದು, ಅಡ್ಡಲಾಗಿ ಹರಿದರೆ ಅಂಕುಡೊಂಕಾಗುವುದು. ಕಚೇರಿಗಳಲ್ಲಿ ಬಳಸುವ ಎ4 ಹಾಳೆಯ (210 × 297 ಮಿ.ಮೀ.) ನಾರು ಸಾಮಾನ್ಯವಾಗಿ ಉದ್ದದ ಬದಿಗೆ ಇರುವುದರಿಂದ, ಅದನ್ನು ನಡುವೆ ಮಡಿಸಿ ಮಾಡಿದ ಪುಸ್ತಕದಲ್ಲಿ ನಾರು ಬೆನ್ನಿಗೆ ಅಡ್ಡ ಬೀಳುವುದು. ಅದೇ ಹಾಳೆಯನ್ನು ಮೊದಲು ಎರಡು ತುಂಡು ಮಾಡಿ, ಒಂದೊಂದು ತುಂಡನ್ನೂ ನಡುವೆ ಮಡಿಸಿದರೆ 105 × 148 ಮಿಲಿಮೀಟರಿನ ಕಿಸೆಪುಸ್ತಕವಾಗುತ್ತದೆ; ಆಗ ನಾರು ಬೆನ್ನಿನ ಗುಂಟ ತಾನಾಗಿಯೇ ಬಂದು ನಿಲ್ಲುವುದು. ರದ್ದಿಯ ಪುಸ್ತಕ ಚಿಕ್ಕದಾದಷ್ಟೂ ಚೊಕ್ಕವಾಗಿರುವುದಕ್ಕೆ ಇದೊಂದು ಕಾರಣ.

ಹಾಳೆಗಳನ್ನು ನಾಲ್ಕೈದರಂತೆ ಒಂದರೊಳಗೊಂದು ಸೇರಿಸಿ ಮಡಿಸಿದುದು ಒಂದು ಮಡಿಕೆ. ಹದಿನಾರು ಅಥವಾ ಇಪ್ಪತ್ತು ಪುಟಗಳಾಗುವುವು. ಹೆಚ್ಚು ಹಾಳೆ ಸೇರಿಸಿದರೆ ಒಳಗಿನವು ಹೊರಅಂಚಿನಲ್ಲಿ ಮುಂದಕ್ಕೆ ಚಾಚುವುವು. ಮಡಿಕೆಯನ್ನು ಬಿದಿರಿನ ನುಣುಪಾದ ಸೀಳಿನಿಂದಲೋ ಚಮಚದ ಬೆನ್ನಿನಿಂದಲೋ ಬಲವಾಗಿ ಉಜ್ಜಿ, ಭಾರದ ಕೆಳಗೆ ಒಂದು ರಾತ್ರಿ ಇಡಬೇಕು. ರಂಧ್ರದ ಎಡೆಗಳನ್ನು ಕಾಗದದ ಪಟ್ಟಿಯೊಂದರ ಮೇಲೆ ಗುರುತಿಸಿಕೊಂಡು, ಅದನ್ನು ಎಲ್ಲ ಮಡಿಕೆಗಳಿಗೂ ಅಳತೆಯಾಗಿ ಬಳಸಿ, ತೆರೆದ ಹಳೆಯ ದಪ್ಪ ಪುಸ್ತಕದ ಮೇಲಿಟ್ಟು ಒಳಗಿನಿಂದ ಹೊರಕ್ಕೆ ಚುಚ್ಚಬೇಕು. ಅಳತೆಯಿಲ್ಲದೆ ಕಣ್ಣಂದಾಜಿನಿಂದ ಚುಚ್ಚಿದ ಪುಸ್ತಕ ಯಾವಾಗಲೂ ಒಂದು ಕಡೆಗೆ ವಾಲುವುದು.

ಒಂದೇ ಮಡಿಕೆಯ ಪುಸ್ತಕಕ್ಕೆ ಮೂರು ರಂಧ್ರ ಸಾಕು. ಪುಸ್ತಕದ ಎತ್ತರದ ಮೂರರಷ್ಟು ನೂಲನ್ನು ತೆಗೆದುಕೊಂಡು, ನಡುವಿನ ರಂಧ್ರದಲ್ಲಿ ಒಳಗಿನಿಂದ ಹೊರಕ್ಕೆ ಹೋಗಿ, ಮೇಲಿನ ರಂಧ್ರದಿಂದ ಒಳಕ್ಕೆ ಬಂದು, ನಡುವನ್ನು ದಾಟಿ ಕೆಳಗಿನ ರಂಧ್ರದಿಂದ ಹೊರಟು, ಮತ್ತೆ ನಡುವಿನಿಂದ ಒಳಕ್ಕೆ ಬರಬೇಕು. ಈಗ ಒಳಗಡೆ ಎರಡು ತುದಿಗಳೂ ನಡುವೆ ಸೇರಿರುತ್ತವೆ. ಉದ್ದನೆಯ ಎಳೆ ಎರಡರ ಮಧ್ಯದಲ್ಲಿ ಬರುವಂತೆ ಇಟ್ಟು, ಮಡಿಕೆಯ ದಿಕ್ಕಿಗೇ ಎಳೆದು ಗಂಟು ಹಾಕತಕ್ಕುದು. ಹೊರಕ್ಕೆ ಜಗ್ಗಿದರೆ ಕಾಗದ ಹರಿಯುವುದು.

ಹಲವು ಮಡಿಕೆಗಳ ಪುಸ್ತಕವನ್ನು ಕಟ್ಟುವ ರೀತಿಗೆ ನಮ್ಮ ಬೈಂಡಿಂಗಿನವರಲ್ಲಿ ಜುಸ್ ಹೊಲಿಗೆಯೆಂದು ಹೆಸರು. ಒಂದು ಮಡಿಕೆಯ ಒಳಗೆ ಸಾಗಿದ ನೂಲು ತುದಿಯಲ್ಲಿ ಹೊರಬಂದು, ಮೇಲಿಟ್ಟ ಇನ್ನೊಂದು ಮಡಿಕೆಯೊಳಕ್ಕೆ ಹೊಕ್ಕು ಹಿಂದಿರುಗುತ್ತದೆ. ಹೊರಬಂದಾಗಲೆಲ್ಲ ಕೆಳಗಿನ ಮಡಿಕೆಯ ಹೊಲಿಗೆಯ ಹಿಂದೆ ಕೊಂಡಿಯಂತೆ ಸಿಕ್ಕಿಸಿಕೊಂಡು ಮೇಲೇಳುವುದರಿಂದ ಬೆನ್ನಿನ ಮೇಲೆ ಜಡೆಯಂಥ ಸಾಲು ಮೂಡುವುದು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಪುಸ್ತಕಗಳ ಹೊಲಿಗೆ ಇದೇ ಬಗೆಯದು. ಬೆನ್ನಿಗೆ ಏನನ್ನೂ ಅಂಟಿಸದೆ ಈ ಜಡೆಯನ್ನು ಹಾಗೆಯೇ ಬಯಲಿಗೆ ಬಿಟ್ಟರೆ ಪುಸ್ತಕ ಎಲ್ಲಿ ತೆರೆದರೂ ಚಪ್ಪಟೆಯಾಗಿ ಮಲಗುವುದು. ಕಾಳೀ ಕಣಿವೆಯ ಹವೆಗೆ ತೆರೆದ ಬೆನ್ನೇ ಹೆಚ್ಚು ತಕ್ಕುದೆಂದು ಹೇಳಬೇಕು. ಅಂಟು ಕಡಮೆಯಾದಷ್ಟೂ ಬೂಷ್ಟು, ಜಿರಲೆ, ಬೆಳ್ಳಿಹುಳುಗಳಿಗೆ ಆಹಾರವೂ ಕಡಮೆ.

ಬಿಡಿಹಾಳೆಗಳಿಗೆ ಮಡಿಕೆಯೇ ಇಲ್ಲದಿರುವುದರಿಂದ ಪಕ್ಕದ ಹೊಲಿಗೆ ಅನಿವಾರ್ಯ. ಚೀನ ಜಪಾನುಗಳಲ್ಲಿ ರೂಢವಾದ, ಅಂಚಿನಿಂದ ಒಂದೂವರೆ ಸೆಂಟಿಮೀಟರು ಒಳಗೆ ನಾಲ್ಕು ರಂಧ್ರ ಚುಚ್ಚಿ ಬೆನ್ನಿನ ಸುತ್ತ ನೂಲು ಸುತ್ತಿಸುವ ಕ್ರಮ ಇದಕ್ಕೆ ಮೇಲ್ಪಂಕ್ತಿ. ಒಂದು ಬದಿ ಅಚ್ಚಾದ ಕಚೇರಿಯ ಹಾಳೆಗಳನ್ನು ಅಚ್ಚಿನ ಬದಿ ಒಳಗಾಗುವಂತೆ ಮಡಿಸಿ, ಮಡಿಕೆಯನ್ನು ಹೊರಅಂಚಿಗೂ ಬಿಡಿ ತುದಿಗಳನ್ನು ಬೆನ್ನಿಗೂ ಇಟ್ಟು ಹೊಲಿದರೆ ಬರೆಯುವವನಿಗೆ ಖಾಲಿ ಮೈ ಮಾತ್ರ ಕಾಣುವುದು. ಹಳೆಯ ಸುತ್ತೋಲೆ, ಪಟ್ಟಿ, ಲೆಕ್ಕಗಳೆಲ್ಲ ಪುಟದ ಹೊಟ್ಟೆಯೊಳಗೆ ಅಡಗಿರುವುವು. ಮಡಿಸಿ ಎರಡು ಪದರವಾದ ಕಾರಣ ಶಾಯಿ ಮರುಬದಿಗೆ ಇಳಿಯುವುದೂ ಇಲ್ಲ. ಇದರ ದೋಷವೆಂದರೆ ಪುಸ್ತಕ ಪೂರ್ಣವಾಗಿ ತೆರೆಯದು, ಒಳಅಂಚಿನ ಜಾಗ ವ್ಯರ್ಥವಾಗುವುದು.

ಹೊದಿಕೆಯ ರಟ್ಟು ಪುಟಕ್ಕಿಂತ ಮೂರು ಬದಿಗೂ ಮೂರು ಮಿಲಿಮೀಟರಿನಷ್ಟು ದೊಡ್ಡದಿರಬೇಕು. ಅದರ ನಾರೂ ಬೆನ್ನಿನ ದಿಕ್ಕಿಗೇ ಇರತಕ್ಕುದು. ಮೇಲ್ಬಟ್ಟೆಗೆ ಹಳೆಯ ಇಳಕಲ್ ಸೀರೆಯ ಹತ್ತಿಭಾಗ, ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡು, ಮೇಣ್ ದಪ್ಪನೆಯ ಧೋತರ ಒಪ್ಪುವುವು. ಹೊಳಪಿನ ಕೃತಕ ನೂಲಿನ ಬಟ್ಟೆ ಅಂಟನ್ನು ಒಲ್ಲದು. ಬಟ್ಟೆಗೆ ಹಿಂದಿನಿಂದ ತೆಳುಕಾಗದವನ್ನು ಮೊದಲು ಹಚ್ಚಿ ಒಣಗಿಸದಿದ್ದರೆ ಅಂಟು ನೆಯ್ಗೆಯಲ್ಲಿ ತೂರಿಬಂದು ಕಲೆಯಾಗುವುದು. ಅಂಟಿಗೆ ಮೈದಾ ಒಂದು ಪಾಲು, ನೀರು ಐದು ಪಾಲು ಸೇರಿಸಿ, ಗಂಟಾಗದಂತೆ ಕದಡುತ್ತ, ಹಾಲಿನ ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ವೃತ್ತಿಯವರು ಹುಳು ತಿನ್ನದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುವ ರೂಢಿಯಿದೆ. ಅದು ವಿಷವಾದುದರಿಂದ ಅಡಿಗೆಮನೆಯ ಪಾತ್ರೆಯಲ್ಲಿ ಕಾಯಿಸುವಾಗಲೂ ಮಕ್ಕಳ ಪುಸ್ತಕಕ್ಕೂ ಬಳಸಲಾಗದು, ಅಂದಂದಿನ ಅಂಟನ್ನು ಅಂದಂದೇ ಮಾಡಿಕೊಳ್ಳುವುದೇ ವಿಹಿತ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ ಕುದಿಸಿದ ಅಂಟು ಇನ್ನೂ ಬಿಗಿಯಾದುದು. ಕಡತದ ಕಾಲದಿಂದ ಕಂಬಳಿ ನೇಯುವವರ ಮಗ್ಗದವರೆಗೆ ಅದರ ಖ್ಯಾತಿ ಉಳಿದುಬಂದಿದೆ. ರಟ್ಟಿನ ಹೊರಮೈಗೆ ಬಟ್ಟೆ ಹಚ್ಚಿದ ಮೇಲೆ ಒಳಮೈಗೂ ಕಾಗದ ಹಚ್ಚಲೇಬೇಕು, ಏಕೆಂದರೆ ಒಣಗುವ ಬಟ್ಟೆ ರಟ್ಟನ್ನು ತನ್ನ ಕಡೆಗೆ ಬಾಗಿಸುವುದು, ಒಳಗಿನ ಕಾಗದ ಅದಕ್ಕೆ ಎದುರಾಗಿ ಸೆಳೆದು ಸಮಮಾಡುವುದು. ಮಳೆಗಾಲದಲ್ಲಿ ಹೊದಿಕೆ ಒಣಗಲು ಎರಡು ಮೂರು ದಿನ ಹಿಡಿಯುವುದುಂಟು. ಅವಸರದಿಂದ ಒಲೆಯ ಬದಿಗಿಟ್ಟರೆ ಸೊಟ್ಟಗಾಗುವುದು; ಒತ್ತಿನ ಪತ್ರಿಕೆಯನ್ನು ಆಗಾಗ ಬದಲಿಸುತ್ತ ಭಾರದ ಕೆಳಗೇ ಬಿಡಬೇಕು.

1977ರ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನಿಂದ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ವಿಷಯ ಶಾಲೆಗಳ ಪಠ್ಯಕ್ರಮಕ್ಕೆ ಬಂದಾಗ ಇಂಥ ಕೈಕಸುಬಿಗೆ ಅವಕಾಶ ದೊರೆಯಿತು. ಅಂಕಗಳಿಲ್ಲದ ವಿಷಯವಾದ ಕಾರಣ ಬಹಳ ಕಡೆ ಅದು ವೇಳಾಪಟ್ಟಿಯಲ್ಲಿ ಮಾತ್ರ ಉಳಿಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಕ್ಕಳಿಗೆ ಕಲಿಸುವಾಗ ಮೂರು ರಂಧ್ರದ ಹೊಲಿಗೆಯಿಂದ ಆರಂಭಿಸುವುದು ಯುಕ್ತ. ಚುಚ್ಚುವ ಕೆಲಸ ಹಿರಿಯರ ಕೈಯಲ್ಲಿರಲಿ.

ಸವೆದ ಪುಸ್ತಕದ ದುರಸ್ತಿಗೆ ಮೊದಲು ಹೊದಿಕೆಯ ಒಳಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಬೇಕು. ಮೈದಾ ಅಂಟು ನೀರಿಗೆ ಬಿಡುವುದು, ಪೇಟೆಯ ಬಿಳಿಯ ಪ್ಲಾಸ್ಟಿಕ್ ಅಂಟು ಬಿಡದು. ಆಮೇಲೆ ಮಡಿಕೆಗಳ ನಡುವೆ ನೂಲನ್ನು ಕತ್ತರಿಸಿ ಒಂದೊಂದನ್ನಾಗಿ ಬೇರ್ಪಡಿಸಿ, ಬರೆದು ಮುಗಿದವನ್ನು ತೆಗೆದಿಟ್ಟು, ಹೊಸ ಹಾಳೆಗಳನ್ನು ಸೇರಿಸಬಹುದು. ಬೆನ್ನಿನ ಗೆರೆಯಲ್ಲಿ ಹರಿದ ಜೋಡಿಹಾಳೆಗೆ ಒಳಬದಿಯಿಂದ ತೆಳುಕಾಗದದ ಪಟ್ಟಿಯನ್ನು ಅಂಟಿಸಿ ಮತ್ತೆ ಮಡಿಸಿದರೆ ಅದು ಹೊಲಿಗೆಯನ್ನು ತಾಳಬಲ್ಲುದು. ಹಳೆಯ ರಂಧ್ರಗಳು ಹೊಸ ನೂಲಿಗೂ ಸಾಲುತ್ತವೆ; ಹಿಗ್ಗಿ ಅಗಲವಾದವುಗಳನ್ನು ಮಾತ್ರ ಬಿಟ್ಟು, ಅವುಗಳಿಂದ ಅರ್ಧ ಅಂಗುಲ ಆಚೆಗೆ ಬೇರೆ ಚುಚ್ಚಿಕೊಳ್ಳಬೇಕು.